ದಂಡು ಪ್ರದೇಶದ ಪ್ರಯಾಣಿಕ ಪ್ರಕಟನೆಗಳು: ಒಂದು ಐತಿಹಾಸಿಕ ವಿವೇಚನೆ

1. ಪೀಠಿಕೆ

ಸಾರಿಗೆಯ ಚರಿತ್ರೆಯೆಂದರೆ ಹಳಿ, ಸೇತುವೆ, ಎಂಜಿನು, ಬಂಡವಾಳ ಇವುಗಳ ಚರಿತ್ರೆಯೆಂದು ಭಾವಿಸುವುದು ವಾಡಿಕೆ. ಸಾರಿಗೆಯನ್ನು ನಡೆಸುವವರು ಅದನ್ನು ನಂಬಿ ಮನೆಯಿಂದ ಹೊರಟವರೊಡನೆ ಯಾವ ಮಾತಿನಲ್ಲಿ ವ್ಯವಹರಿಸಿದರು, ಬಂಡಿ ಬಾರದೆ ಹೋದಾಗ ಅವರಿಗೆ ಏನೆಂದು ತಿಳಿಸಿದರು ಎಂಬುದೂ ಆ ಚರಿತ್ರೆಯ ಒಂದು ಅಂಗವೇ ಆಗಿದೆ. ಈ ಲೇಖನದಲ್ಲಿ ನಾವು ಬೆಂಗಳೂರಿನ ದಂಡನ್ನೂ ಅದರ ಆಸುಪಾಸಿನಲ್ಲಿಯೂ ಪೂರ್ವಕ್ಕೂ ಇರುವ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳನ್ನೂ ಕ್ಷೇತ್ರವಾಗಿಟ್ಟುಕೊಂಡು, 1864ರಿಂದ ಇಂದಿನವರೆಗೆ ಪ್ರಯಾಣಿಕರಿಗೆ ದೊರೆಯುತ್ತ ಬಂದ ಪ್ರಕಟನೆಗಳ ಸ್ವರೂಪವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಇಂದು ಆ ಪ್ರಕಟನೆಗಳು ಮೊಬೈಲ್ ಫೋನಿನ ಆಪ್‌ಗಳಲ್ಲಿ ಕಾಣಿಸಿಕೊಳ್ಳುತ್ತಿರುವುದರಿಂದ ವಿಷಯವು ಹೊಸದೆಂದು ತೋರಬಹುದು. ಅದು ಹೊಸದಲ್ಲವೆಂಬುದೇ ನಮ್ಮ ಮೊದಲ ಮಾತು.

ಧರ್ಮಶಾಸ್ತ್ರಕಾರರು ಕರ್ಮಗಳನ್ನು ನಿತ್ಯ, ನೈಮಿತ್ತಿಕ ಎಂದು ವಿಭಾಗಿಸಿರುವಂತೆ ಪ್ರಯಾಣಿಕ ಪ್ರಕಟನೆಗಳನ್ನೂ ಎರಡಾಗಿ ವಿಂಗಡಿಸಿಕೊಳ್ಳಬಹುದು. ವೇಳಾಪಟ್ಟಿ, ದರಪಟ್ಟಿ, ಮಾರ್ಗಫಲಕ ಮೊದಲಾದುವು ನಿತ್ಯ ಪ್ರಕಟನೆಗಳು. ರೈಲು ತಡವಾಯಿತು, ಬಸ್ಸು ಬೇರೆ ದಾರಿ ಹಿಡಿಯಿತು, ನಿಲ್ದಾಣವನ್ನು ಮುಚ್ಚಲಾಯಿತು ಎಂದು ಯಾವುದಾದರೊಂದು ನಿಮಿತ್ತ ಒದಗಿದಾಗ ಮಾತ್ರ ಹೊರಡತಕ್ಕವು ನೈಮಿತ್ತಿಕ ಪ್ರಕಟನೆಗಳು. ಮೊದಲನೆಯ ವರ್ಗವನ್ನು ಕಾನೂನು ಬಹುಕಾಲದ ಹಿಂದೆಯೇ ಕಟ್ಟಳೆಗೆ ಒಳಪಡಿಸಿತು. ಎರಡನೆಯದು ಬಹುಮಟ್ಟಿಗೆ ಮನುಷ್ಯನ ಬಾಯಿಗೆ ಬಿಟ್ಟದ್ದಾಗಿತ್ತು. ಆ ಬಾಯಿಯ ಕೆಲಸವನ್ನು ಈಗ ಆಪ್ ವಹಿಸಿಕೊಂಡಿದೆ. ಆದರೆ ಬಾಯಿಗಿದ್ದ ಗುಣಗಳನ್ನು ಅದು ಇನ್ನೂ ಪಡೆದುಕೊಂಡಿಲ್ಲ. ಈ ಅಭಿಪ್ರಾಯವನ್ನು ಮುಂದಿನ ಭಾಗಗಳಲ್ಲಿ ಸಮರ್ಥಿಸಲು ಯತ್ನಿಸುತ್ತೇವೆ.

2. ರೈಲಿನ ವೇಳೆ

ಬ್ರಿಟಿಷ್ ಸೈನ್ಯದ ದಂಡು ಬೆಂಗಳೂರಿನಲ್ಲಿ 1809ರಲ್ಲಿ ಸ್ಥಾಪಿತವಾಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದಾಗಲೂ ದಂಡಿನ ಪ್ರದೇಶವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟರ ಅಧಿಕಾರದಲ್ಲಿಯೇ ಉಳಿದು, 1947ರ ಜುಲೈ 26ರಂದು ಮಾತ್ರ ಮೈಸೂರಿಗೆ ಮರಳಿತು. ಒಂದೇ ಊರೆಂದು ನಾವು ಇಂದು ಕರೆಯುವ ಬೆಂಗಳೂರಿನಲ್ಲಿ ಹೀಗೆ ಎರಡು ಆಡಳಿತಗಳೂ, ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಎಂಬ ಹಲವು ವ್ಯವಹಾರ ಭಾಷೆಗಳೂ ಇದ್ದುವು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ದಂಡಿನ ಯಾವ ಪ್ರಕಟನೆಯನ್ನೂ ಸರಿಯಾಗಿ ಅರ್ಥಮಾಡಿಕೊಳ್ಳಲಾಗದು.

ಮದರಾಸು ರೈಲ್ವೆಯು ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಹಾಕಿದ ಹಳಿಯ ಮೇಲೆ 1864ರಲ್ಲಿ ಸಂಚಾರ ಆರಂಭವಾಯಿತು. ಅಂದು ರೈಲು ಪೇಟೆಯವರೆಗೆ ಬರಲಿಲ್ಲ. ದಂಡೇ ಅದರ ಕೊನೆಯ ನಿಲ್ದಾಣ. ರೈಲಿನೊಡನೆ ಈ ಊರಿಗೆ ಬಂದ ಮೊದಲ ಪ್ರಕಟನೆ ವೇಳಾಪಟ್ಟಿ. ಅದರಲ್ಲಿದ್ದ ವೇಳೆಯಾದರೂ ಬೆಂಗಳೂರಿನದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದ ರೈಲ್ವೆಗಳು ಮದರಾಸಿನ ವೇಳೆಯನ್ನು ಸಾಮಾನ್ಯ ವೇಳೆಯಾಗಿ ಅನುಸರಿಸುತ್ತಿದ್ದುವು. ಮದರಾಸು ಬೆಂಗಳೂರಿಗಿಂತ ಸುಮಾರು ಎರಡೂವರೆ ಡಿಗ್ರಿಗಳಿಗೂ ಸ್ವಲ್ಪ ಹೆಚ್ಚಾಗಿ ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯನು ನೆತ್ತಿಗೇರುವುದು ಹತ್ತು ಹನ್ನೊಂದು ನಿಮಿಷ ಮೊದಲು. 1906ರ ಜನವರಿ 1ರಂದು ಭಾರತೀಯ ಸಾಮಾನ್ಯ ವೇಳೆ ಜಾರಿಗೆ ಬಂದಾಗ ಗಡಿಯಾರವನ್ನು ಇನ್ನೂ ಒಂಬತ್ತು ನಿಮಿಷಗಳಷ್ಟು ಮುಂದಕ್ಕೆ ತಿರುಗಿಸಬೇಕಾಯಿತು. ಹಲಸೂರಿನ ಒಬ್ಬ ವರ್ತಕನು ಬಿಸಿಲನ್ನು ನೋಡಿ ಹೊತ್ತನ್ನು ಅಂದಾಜು ಮಾಡಿಕೊಂಡು ಹೊರಟಿದ್ದರೆ, ಮೊದಲು ಹತ್ತು ನಿಮಿಷವೂ ಆಮೇಲೆ ಇಪ್ಪತ್ತು ನಿಮಿಷವೂ ತಡವಾಗಿ ನಿಲ್ದಾಣ ಸೇರುತ್ತಿದ್ದನೆಂದು ಲೆಕ್ಕ ಹಾಕಬಹುದು. ವೇಳಾಪಟ್ಟಿಯಲ್ಲಿ ತಪ್ಪಿರಲಿಲ್ಲ, ಪ್ರಯಾಣಿಕನ ಎಣಿಕೆಯಲ್ಲಿಯೂ ತಪ್ಪಿರಲಿಲ್ಲ. ಸಂಸ್ಥೆಯು ತನ್ನ ಅಳತೆಯಲ್ಲಿ ಮಾತನಾಡಿತು. ಅದನ್ನು ತನ್ನ ಅಳತೆಗೆ ಇಳಿಸಿಕೊಳ್ಳುವ ಹೊರೆ ಪ್ರಯಾಣಿಕನ ಮೇಲೆ ಬಿದ್ದಿತು. ಈ ಸಂಬಂಧವೇ ಬೇರೆ ಬೇರೆ ರೂಪಗಳಲ್ಲಿ ಇಂದಿಗೂ ಮುಂದುವರಿದು ಬಂದಿದೆಯೆಂಬುದನ್ನು ಮುಂದೆ ನೋಡಲಿದ್ದೇವೆ.

3. ಕಾನೂನಿನ ಕಟ್ಟಳೆ

ಪ್ರಯಾಣಿಕರಿಗೆ ತಿಳಿಸುವುದು ಉಪಕಾರವಲ್ಲ, ಕರ್ತವ್ಯ ಎಂಬ ಭಾವನೆ 1890ರ ಭಾರತೀಯ ರೈಲ್ವೆ ಕಾಯಿದೆಯಲ್ಲಿ ಸ್ಪಷ್ಟವಾಗಿ ಕಂಡುಬರುತ್ತದೆ. ಅದರ 65ನೆಯ ಪ್ರಕರಣದಂತೆ ಪ್ರತಿಯೊಂದು ರೈಲ್ವೆ ಆಡಳಿತವೂ ಪ್ರತಿಯೊಂದು ನಿಲ್ದಾಣದಲ್ಲಿ, ಎಲ್ಲರಿಗೂ ಕಾಣುವ ಮತ್ತು ಎಲ್ಲರೂ ಹತ್ತಿರ ಹೋಗಬಹುದಾದ ಸ್ಥಳದಲ್ಲಿ, ವೇಳಾಪಟ್ಟಿಯನ್ನೂ ದರಪಟ್ಟಿಯನ್ನೂ ಅಂಟಿಸತಕ್ಕದ್ದು. ಅದು ಇಂಗ್ಲಿಷಿನಲ್ಲಿಯೂ ಆ ಪ್ರದೇಶದಲ್ಲಿ ಸಾಮಾನ್ಯ ಬಳಕೆಯಲ್ಲಿರುವ ಒಂದು ದೇಶಭಾಷೆಯಲ್ಲಿಯೂ ಇರತಕ್ಕದ್ದು. ಕಾಣುವಂತಿರಬೇಕು, ಹತ್ತಿರ ಹೋಗುವಂತಿರಬೇಕು, ತಿಳಿಯುವ ಭಾಷೆಯಲ್ಲಿರಬೇಕು ಎಂಬ ಮೂರು ಲಕ್ಷಣಗಳನ್ನು ಇಷ್ಟು ಕಡಮೆ ಮಾತಿನಲ್ಲಿ ಹೇಳಿರುವುದು ಮೆಚ್ಚತಕ್ಕದ್ದಾಗಿದೆ. ಆದರೆ ‘ಒಂದು ದೇಶಭಾಷೆ’ ಎಂಬ ಮಾತು ದಂಡಿನಂಥ ಸ್ಥಳದಲ್ಲಿ ಸಾಲದಾಗುತ್ತದೆ. ನಾಲ್ಕು ದೇಶಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುವ ಕಡೆ, ಯಾವುದೊಂದನ್ನು ಆಯ್ದರೂ ಮೂರನ್ನು ಬಿಟ್ಟಂತೆಯೇ.

ಸ್ವತಂತ್ರ ಭಾರತದಲ್ಲಿ 1989ರ ರೈಲ್ವೆ ಕಾಯಿದೆಯು ಹಿಂದಿನದರ ಸ್ಥಾನಕ್ಕೆ ಬಂದಿತು. ಅದರ 49ನೆಯ ಪ್ರಕರಣವು ಅದೇ ವಿಧಿಯನ್ನು ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆ ಎಂಬ ಬದಲಾವಣೆಯೊಡನೆ ಉಳಿಸಿಕೊಂಡಿದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದೇನೆಂದರೆ, ಸುಮಾರು ನೂರು ವರ್ಷಗಳ ಅಂತರದ ಈ ಎರಡು ಪ್ರಕರಣಗಳೂ ಅಂಟಿಸಬೇಕೆಂದು ಹೇಳುವುದು ನಿತ್ಯ ಪ್ರಕಟನೆಗಳನ್ನು ಮಾತ್ರ. ರೈಲು ಎಷ್ಟು ಗಂಟೆಗೆ ಬರಬೇಕೆಂಬುದನ್ನು ಬರೆದು ಹಾಕಬೇಕು. ಬಾರದಿದ್ದರೆ ಏನು ಬರೆಯಬೇಕೆಂಬುದಕ್ಕೆ ಅಲ್ಲಿ ಮಾದರಿಯಿಲ್ಲ. ಆ ಕೆಲಸವನ್ನು ತಂತಿಯ ಮೂಲಕ ಸುದ್ದಿ ತಿಳಿದ ಸ್ಟೇಷನ್ ಮಾಸ್ಟರನೂ ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆಯೂ ಮಾಡಿಕೊಂಡು ಬಂದುವು. ಕರಿಹಲಗೆಯ ಬರಹ ಚಿಕ್ಕದು: ಗಾಡಿಯ ಸಂಖ್ಯೆ, ಎಷ್ಟು ತಡ. ಉಳಿದುದನ್ನು ಕೇಳಿ ತಿಳಿಯಬೇಕು. ಕೇಳಲು ಒಬ್ಬ ಮನುಷ್ಯನು ಅಲ್ಲಿದ್ದನೆಂಬುದನ್ನು ಮರೆಯಬಾರದು.

ನಮ್ಮ ನಾಡಿಗೆ ಇದು ಅಪರಿಚಿತವಾದ ಕ್ರಮವಲ್ಲ. ಹಳ್ಳಿಗಳಲ್ಲಿ ತಮಟೆ ಬಡಿದು ಡಂಗುರ ಸಾರುತ್ತಿದ್ದವನು ಒಂದೊಂದು ಬೀದಿಯ ಬಾಯಲ್ಲಿಯೂ ನಿಂತು, ಯಾರ ಅಪ್ಪಣೆ, ಯಾವ ದಿನ, ಯಾರು ಏನು ಮಾಡಬೇಕು ಎಂಬುದನ್ನು ಹೇಳಿ, ಕೇಳಿದವರಿಗೆ ಮತ್ತೊಮ್ಮೆ ವಿವರಿಸಿ ಮುಂದಕ್ಕೆ ಹೋಗುತ್ತಿದ್ದನು. ಡಂಗುರದಲ್ಲಿ ಕಾರಣಕ್ಕಿಂತ ಕಾರ್ಯಕ್ಕೆ ಪ್ರಾಧಾನ್ಯ. ಇದು ನೈಮಿತ್ತಿಕ ಪ್ರಕಟನೆಯ ಶುದ್ಧವಾದ ಮಾದರಿಯೆಂದು ಹೇಳಬಹುದು.

4. ಬಸ್ಸು ಮತ್ತು ಕಂಡಕ್ಟರನ ಮಾತು

ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆಯು 1940ರಲ್ಲಿ ಸ್ಥಾಪಿತವಾಗಿ, ಜಟಕಾ ಬಂಡಿಗಳ ಊರಿಗೆ ನಿಯಮಿತ ಬಸ್ಸುಗಳ ವ್ಯವಸ್ಥೆಯನ್ನು ತಂದಿತು. 1949ರಲ್ಲಿ ನಗರದ ಮತ್ತು ದಂಡಿನ ಪುರಸಭೆಗಳು ಒಂದುಗೂಡಿ ಬೆಂಗಳೂರು ನಗರ ಕಾರ್ಪೊರೇಷನ್ನು ಏರ್ಪಟ್ಟಿತು. 1956ರಲ್ಲಿ ಬಸ್ಸಿನ ಕಂಪನಿಯೂ ಸರ್ಕಾರದ ವಶಕ್ಕೆ ಬಂದು, ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್ ಎಂಬ ಹೆಸರಿನಲ್ಲಿ ನಡೆಯಿತು. 1997ರ ಆಗಸ್ಟ್ 15ರಂದು ಅದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯಾಗಿ ಪ್ರತ್ಯೇಕಗೊಂಡಿತು.

ಬಸ್ಸಿನ ನಿತ್ಯ ಪ್ರಕಟನೆ ಅದರ ಹಣೆಯ ಮೇಲಿನ ಫಲಕ. ಊರಿನ ಹೆಸರನ್ನು ಓದಲಾರದವರೂ ಮಾರ್ಗದ ಸಂಖ್ಯೆಯನ್ನು ಗುರುತು ಹಿಡಿಯುತ್ತಾರೆ. ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳದಿಂದ ಟಿನ್ ಫ್ಯಾಕ್ಟರಿಯ ಮೂಲಕ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ, ಮೆಜೆಸ್ಟಿಕ್ಕಿನಿಂದ ದೊಮ್ಮಲೂರು, ಮಾರತಹಳ್ಳಿಗಳ ಮೂಲಕ ಪೂರ್ವದ ತುದಿಗೆ ಹೋಗುವ 335ಇ ಮುಂತಾದುವು ಜನರ ಬಾಯಲ್ಲಿ ಹೆಸರುಗಳೇ ಆಗಿಬಿಟ್ಟಿವೆ. ಇಲ್ಲಿ ಅಂಕಿಯಷ್ಟೇ ಅದರ ಮುಂದಿನ ಅಕ್ಷರವೂ ಮುಖ್ಯ. ‘500 ಬಸ್ಸುಗಳ ಮಾರ್ಗ ಬದಲಾವಣೆ’ ಎಂದು ಬರೆದರೆ, ಒಂದೇ ಅಂಕಿಯ ಬೇರೆ ಬೇರೆ ಅಕ್ಷರಗಳ ಬಸ್ಸುಗಳನ್ನು ಹಿಡಿಯುವವರೆಲ್ಲರೂ ಗೊಂದಲಕ್ಕೆ ಒಳಗಾಗುತ್ತಾರೆ.

ಬಸ್ಸಿನ ನೈಮಿತ್ತಿಕ ಪ್ರಕಟನೆಯಾದರೋ ಕಂಡಕ್ಟರನ ಬಾಯಿ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಹಲಸೂರಿನ ಕಡೆ ಮೆರವಣಿಗೆಯಿದೆಯೆಂದೋ ರಸ್ತೆ ಅಗೆದಿದೆಯೆಂದೋ ಬಸ್ಸು ಬೇರೆ ದಾರಿ ಹಿಡಿಯಬೇಕಾದಾಗ, ಕಂಡಕ್ಟರನು ಫುಟ್‌ಬೋರ್ಡಿನ ಮೇಲೆ ನಿಂತು ಅದನ್ನು ಕೂಗಿ ಹೇಳುತ್ತಾನೆ. ಹತ್ತಿದವರ ಮುಖ ನೋಡಿ ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಉರ್ದುವಿನಲ್ಲಿಯೋ ಮತ್ತೆ ಹೇಳುತ್ತಾನೆ. ‘ಕೆರೆ ಹತ್ರ ಹೋಗಲ್ಲಮ್ಮ, ಹಿಂದಿನ ಬಸ್ ಹತ್ತಿ’ ಎಂಬ ಒಂದು ವಾಕ್ಯದಲ್ಲಿ ಏನು ಬದಲಾಯಿತು, ಅದು ಯಾರಿಗೆ ಸಂಬಂಧಿಸಿದ್ದು, ಈಗ ಅವರು ಏನು ಮಾಡಬೇಕು ಎಂಬ ಮೂರೂ ಅಡಗಿವೆ. ಕಾರಣವನ್ನು ಅವನು ಕೇಳಿದವರಿಗೆ ಮಾತ್ರ ಹೇಳುತ್ತಾನೆ. ಲಿಖಿತ ಪ್ರಕಟನೆಯನ್ನು ಒರೆಗೆ ಹಚ್ಚಲು ನಮಗೆ ಇದಕ್ಕಿಂತ ಉತ್ತಮವಾದ ಕಲ್ಲು ಬೇಕಿಲ್ಲ.

5. ಮೆಟ್ರೊ: ಎರಡು ನಿದರ್ಶನಗಳು

‘ನಮ್ಮ ಮೆಟ್ರೊ’ದ ಮೊದಲ ಭಾಗವು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ ಆರಂಭವಾಯಿತು. ಆ ಆರು ನಿಲ್ದಾಣಗಳೂ ನಮ್ಮ ಕ್ಷೇತ್ರಕ್ಕೇ ಸೇರಿದುವು. ಮೆಟ್ರೊದಲ್ಲಿ ಕಂಡಕ್ಟರನಿಲ್ಲ, ಕೇಳತಕ್ಕ ಮನುಷ್ಯನು ಪ್ರಯಾಣಿಕನಿಂದ ದೂರವಾದನು. ಪ್ರಕಟನೆಯ ಹೊಣೆಯೆಲ್ಲ ಫಲಕ, ಧ್ವನಿವರ್ಧಕ, ಪತ್ರಿಕಾ ಹೇಳಿಕೆ, ಮೊಬೈಲುಗಳ ಮೇಲೆ ಬಿದ್ದಿತು. 2017ರಲ್ಲಿ ನಿಲ್ದಾಣಗಳ ಫಲಕಗಳಲ್ಲಿ ಹಿಂದಿ ಇರಬೇಕೆ ಎಂಬ ವಿವಾದ ಎದ್ದು, ಕೊನೆಗೆ ಹಿಂದಿಯನ್ನು ತೆಗೆಯಲಾಯಿತು. ಅದು ನಿತ್ಯ ಪ್ರಕಟನೆಯ ಭಾಷೆಯನ್ನು ಕುರಿತ ವಿವಾದ. ನೈಮಿತ್ತಿಕ ಪ್ರಕಟನೆಯ ವಾಕ್ಯ ಹೇಗಿರಬೇಕೆಂಬ ಪ್ರಶ್ನೆ ಅದರೊಳಗೆ ಬರಲಿಲ್ಲ.

ಆ ಪ್ರಶ್ನೆಯ ತೂಕವನ್ನು ತೋರಿಸಿದ ಮೊದಲ ಸಂದರ್ಭ 2018ರ ಡಿಸೆಂಬರಿನದು. ಟ್ರಿನಿಟಿ ನಿಲ್ದಾಣದ ಬಳಿ ಮೇಲುಹಾದಿಯ ಕಾಂಕ್ರೀಟ್ ತೊಲೆಯಲ್ಲಿ ಜೇನುಗೂಡಿನಂಥ ಟೊಳ್ಳು ಕಂಡುಬಂದುದರಿಂದ, ಡಿಸೆಂಬರ್ 28ರ ರಾತ್ರಿಯಿಂದ 30ರವರೆಗೆ ಎಂ.ಜಿ. ರಸ್ತೆಗೂ ಇಂದಿರಾನಗರಕ್ಕೂ ನಡುವೆ ಸಂಚಾರವನ್ನು ನಿಲ್ಲಿಸಿ ದುರಸ್ತಿ ಮಾಡಲಾಯಿತು. ‘ಎಂ.ಜಿ. ರಸ್ತೆ ಮತ್ತು ಇಂದಿರಾನಗರದ ನಡುವೆ ಸಂಚಾರ ಇರುವುದಿಲ್ಲ’ ಎಂಬ ವಾಕ್ಯವನ್ನು ಪರೀಕ್ಷಿಸೋಣ. ವ್ಯಾಕರಣದಲ್ಲಿ ದೋಷವಿಲ್ಲ, ವಿಷಯದಲ್ಲಿಯೂ ಸುಳ್ಳಿಲ್ಲ. ಆದರೆ ಆ ಎರಡರ ನಡುವೆ ಇರುವ ಟ್ರಿನಿಟಿ, ಹಲಸೂರು ನಿಲ್ದಾಣಗಳ ಹೆಸರು ಅದರಲ್ಲಿಲ್ಲ. ಆ ದಿನಗಳಲ್ಲಿ ಸೇವೆಯನ್ನು ಸಂಪೂರ್ಣವಾಗಿ ಕಳೆದುಕೊಂಡ ಹಲಸೂರಿನವನು ತನ್ನ ಊರಿನ ಹೆಸರನ್ನು ಹುಡುಕಿ, ಕಾಣದೆ, ತನಗೆ ಸಂಬಂಧಿಸಿದ್ದಲ್ಲವೆಂದು ತಿಳಿದರೆ ಅದು ಅವನ ಅಜ್ಞಾನವಲ್ಲ. ಮಾರ್ಗವನ್ನು ನಡೆಸುವವರ ಕಣ್ಣಿಗೆ ಎರಡು ತುದಿಗಳು ಕಾಣುತ್ತವೆ. ಪ್ರಯಾಣಿಕನಿಗೆ ಬೇಕಾದದ್ದು ತಾನು ನಿಂತಿರುವ ನಿಲ್ದಾಣ.

ಎರಡನೆಯದು 2023ರ ಸಂಗತಿ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಭಾಗವು ಮಾರ್ಚ್ 25ರಂದು ಉದ್ಘಾಟನೆಯಾಗಿ ಮರುದಿನದಿಂದ ಜನರಿಗೆ ತೆರೆದುಕೊಂಡಿತು. ಬೈಯಪ್ಪನಹಳ್ಳಿಯಿಂದ ಬೆನ್ನಿಗಾನಹಳ್ಳಿಯ ಮೂಲಕ ಕೃಷ್ಣರಾಜಪುರಕ್ಕೆ ಬರುವ ಚಿಕ್ಕ ಭಾಗವು ಸೇರಿಕೊಂಡದ್ದು ಅಕ್ಟೋಬರ್ 9ರಂದು. ನಡುವಿನ ಆರು ತಿಂಗಳಿಗೂ ಹೆಚ್ಚಿನ ಕಾಲ ಒಂದೇ ನೇರಳೆ ಮಾರ್ಗವು ಎರಡು ತುಂಡುಗಳಾಗಿ ನಡೆಯಿತು. ನಡುವಿನ ದಾರಿಯನ್ನು ಬಸ್ಸಿನಲ್ಲಿ ಕ್ರಮಿಸಬೇಕಾಗಿತ್ತು. ನಕ್ಷೆಯಲ್ಲಿ ಒಂದೇ ಬಣ್ಣದ ಗೆರೆಯನ್ನು ಕಂಡವನು ರೈಲು ನೇರವಾಗಿ ಹೋಗುತ್ತದೆಂದೇ ಎಣಿಸುವನು. ತುಂಡಾದ ಸ್ಥಳವನ್ನು, ಅಲ್ಲಿ ಇಳಿದು ಯಾವ ಕಡೆಗೆ ನಡೆದು ಯಾವ ಬಸ್ಸನ್ನು ಹಿಡಿಯಬೇಕೆಂಬುದನ್ನು ಗೆರೆಯ ಮೇಲೆಯೇ ಬರೆಯಬೇಕಾದ ಅಗತ್ಯ ಇಂಥ ಸಂದರ್ಭದಲ್ಲಿ ಎದ್ದು ಕಾಣುತ್ತದೆ.

6. ಹೆಸರುಗಳ ತೊಡಕು

ಪೂರ್ವ ಬೆಂಗಳೂರಿನಲ್ಲಿ ಸ್ಥಳನಾಮಗಳೇ ಒಂದು ಪ್ರತ್ಯೇಕ ಸಮಸ್ಯೆಯಾಗಿವೆ. ಇಂಗ್ಲಿಷಿನಲ್ಲಿ ಬಹುಕಾಲ ‘ಅಲ್ಸೂರ್’ ಎಂದು ಬರೆಯುತ್ತಿದ್ದುದು ಹಲಸೂರೇ ಎಂಬುದು ಸ್ಥಳೀಯರಿಗೆ ತಿಳಿದಿದೆ. ಹೊಸಬರಿಗೆ ಅದು ಎರಡು ಊರು. ಮೆಟ್ರೊದ ‘ಸ್ವಾಮಿ ವಿವೇಕಾನಂದ ರಸ್ತೆ’ ನಿಲ್ದಾಣವಿರುವ ರಸ್ತೆಯನ್ನು ಜನರು ಹಳೆಯ ಮದರಾಸು ರಸ್ತೆಯೆಂದೇ ಕರೆಯುತ್ತಾರೆ. ಕೃಷ್ಣರಾಜಪುರದ ಮೆಟ್ರೊ ಮತ್ತು ರೈಲು ನಿಲ್ದಾಣಗಳು ತೂಗುಸೇತುವೆಯ ಬಳಿಯಿವೆ. ಆ ಹೆಸರಿನ ಹಳೆಯ ಊರೂ ಅದರ ಸಂತೆಯೂ ಇನ್ನಷ್ಟು ಪೂರ್ವಕ್ಕಿವೆ. ಬಸ್ಸಿನವರಿಗೆ ಸೇತುವೆಯ ಸಮೀಪದ ತಾಣ ‘ಟಿನ್ ಫ್ಯಾಕ್ಟರಿ’. 2022ರ ಜೂನ್ 6ರಂದು ಸಂಚಾರ ಆರಂಭವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲನ್ನು ಜನರು ಬೈಯಪ್ಪನಹಳ್ಳಿ ಟರ್ಮಿನಲ್ಲೆಂದು ಕರೆಯುವುದುಂಟು. ಆದರೆ ಅದು ಬೈಯಪ್ಪನಹಳ್ಳಿಯ ಮೆಟ್ರೊ ನಿಲ್ದಾಣಕ್ಕೆ ಹೊಂದಿಕೊಂಡಿಲ್ಲ. ‘ಬೈಯಪ್ಪನಹಳ್ಳಿಯಲ್ಲಿ ಇಳಿಯಿರಿ’ ಎಂಬ ಮಾತನ್ನು ನಂಬಿ ಗಂಟುಮೂಟೆಯೊಡನೆ ಮೆಟ್ರೊದಿಂದ ಇಳಿದವನಿಗೆ ರಾತ್ರಿಯ ರೈಲು ತಪ್ಪಬಹುದು. ಆದುದರಿಂದ ಪ್ರಕಟನೆಯಲ್ಲಿ ಅಧಿಕೃತ ನಾಮವೂ ರೂಢನಾಮವೂ ಒಟ್ಟಿಗೆ ಬರುವುದು ಅಗತ್ಯ. ಸ್ಥಳನಾಮಗಳ ಅಧ್ಯಯನದಲ್ಲಿ ತೊಡಗಿರುವ ವಿದ್ಯಾರ್ಥಿಗಳಿಗೆ ಇಲ್ಲಿ ಪ್ರಯೋಜನಕರವಾದ ಕೆಲಸವಿದೆ.

7. ಆಪ್‌ನಲ್ಲಿನ ಪ್ರಕಟನೆ

ಮಹಾನಗರ ಸಾರಿಗೆ ಸಂಸ್ಥೆಯು 2016ರಲ್ಲಿ ಬಸ್ಸುಗಳ ಸ್ಥಾನವನ್ನು ಗುರುತಿಸುವ ವ್ಯವಸ್ಥೆಯನ್ನೂ 2023ರಲ್ಲಿ ‘ನಮ್ಮ ಬಿ.ಎಂ.ಟಿ.ಸಿ.’ ಎಂಬ ಆಪನ್ನೂ ಜಾರಿಗೆ ತಂದಿತು. ಜಗತ್ತಿನ ಇತರ ಕಡೆಗಳಲ್ಲಿ ನಡೆದುದನ್ನೂ ಇಲ್ಲಿ ಸ್ಮರಿಸಬೇಕು. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆಯೂ ಗೂಗಲ್ ಕಂಪನಿಯೂ ಸೇರಿ, ವೇಳಾಪಟ್ಟಿಗಳನ್ನು ಯಂತ್ರಗಳು ಓದಬಲ್ಲ ಒಂದು ಸಾಮಾನ್ಯ ರೂಪಕ್ಕೆ ತಂದುವು; ಅದೇ ಜಿ.ಟಿ.ಎಫ್.ಎಸ್. 2011ರಲ್ಲಿ ಅದಕ್ಕೆ ತತ್ಕಾಲದ ವ್ಯತ್ಯಾಸಗಳನ್ನು ತಿಳಿಸುವ ಭಾಗವು ಸೇರಿತು. ನಿತ್ಯವು ಮೊದಲು, ನೈಮಿತ್ತಿಕವು ಆಮೇಲೆ ಎಂಬ ಹಳೆಯ ಕ್ರಮವೇ ಇಲ್ಲಿಯೂ ಕಂಡುಬರುವುದು ಕುತೂಹಲಕರವಾಗಿದೆ. ಆ ಭಾಗದಲ್ಲಿ ಒಂದು ಪ್ರಕಟನೆಗೆ ಅವಧಿ, ಸಂಬಂಧಪಟ್ಟ ಮಾರ್ಗ ಅಥವಾ ನಿಲ್ದಾಣ, ಕಾರಣ, ಪರಿಣಾಮ, ಶೀರ್ಷಿಕೆ, ವಿವರಣೆ ಎಂದು ಬೇರೆ ಬೇರೆ ಮನೆಗಳಿವೆ. ಶೀರ್ಷಿಕೆ ವಿವರಣೆಗಳನ್ನು ಹಲವು ಭಾಷೆಗಳಲ್ಲಿ ಕೊಡಲು ಅವಕಾಶವಿದೆ. ಕಾರಣವನ್ನೂ ಪರಿಣಾಮವನ್ನೂ ಪ್ರತ್ಯೇಕಿಸಿರುವುದು ಬಹು ಮುಖ್ಯ. ಪ್ರಯಾಣಿಕನಿಗೆ ಮೊದಲು ಬೇಕಾದದ್ದು ಪರಿಣಾಮ.

ಮನೆಗಳಿದ್ದ ಮಾತ್ರಕ್ಕೆ ಅವುಗಳಲ್ಲಿ ತುಂಬುವ ಮಾತು ತಾನಾಗಿ ತಿಳಿಯಾಗುವುದಿಲ್ಲ. ನಮ್ಮ ಪ್ರಕಟನೆಗಳ ಕನ್ನಡವು ಬಹುಮಟ್ಟಿಗೆ ಕಚೇರಿಯ ಇಂಗ್ಲಿಷಿನ ನೆರಳು. ರೈಲ್ವೆಯ ಪ್ರಕಟನೆಗಳಲ್ಲಿ ‘ಮಾರ್ಗಮಧ್ಯದಲ್ಲಿ 30 ನಿಮಿಷ ನಿಯಂತ್ರಿಸಲಾಗುವುದು’ ಎಂಬ ಮಾತು ಬರುತ್ತದೆ. ರೈಲ್ವೆಯವರಿಗೆ ಇದರ ಅರ್ಥ ಸ್ಪಷ್ಟ: ಗಾಡಿಯನ್ನು ದಾರಿಯಲ್ಲಿ ಎಲ್ಲಿಯೋ ಅರ್ಧ ಗಂಟೆ ನಿಲ್ಲಿಸುತ್ತಾರೆ. ಓದುವವನಿಗೆ ನಿಯಂತ್ರಣವೆಂದರೆ ವೇಗದ ನಿಯಂತ್ರಣವೋ ಜನಸಂದಣಿಯ ನಿಯಂತ್ರಣವೋ ತಿಳಿಯದು. ‘ಗಾಡಿ ಅರ್ಧ ಗಂಟೆ ತಡವಾಗಿ ಬರುತ್ತದೆ’ ಎಂದರೆ ಸಾಕಾಗಿತ್ತು. ‘ಭಾಗಶಃ ರದ್ದು’ ಎಂಬುದೂ ಹಾಗೆಯೇ. ಯಾವ ಭಾಗವೆಂಬುದೇ ಪ್ರಯಾಣಿಕನಿಗೆ ಮುಖ್ಯವಾಗಿರುವಾಗ ಅದು ಕೊನೆಗೆ ಬರುತ್ತದೆ. 2024ರ ಸೆಪ್ಟೆಂಬರ್ 20ರಿಂದ ದಂಡಿನ ನಿಲ್ದಾಣದ ಪುನರ್ನಿರ್ಮಾಣಕ್ಕಾಗಿ 92 ದಿನಗಳ ಕಾಲ ಹಲವು ರೈಲುಗಳು ಅಲ್ಲಿ ನಿಲ್ಲುವುದಿಲ್ಲವೆಂದು ಪ್ರಕಟವಾಯಿತು. ಇಂಥಲ್ಲಿ ‘ನಿಲುಗಡೆ ರದ್ದು’ ಎಂದು ಬರೆದರೆ, ಅವಸರದಲ್ಲಿ ಓದುವವನ ಕಣ್ಣಿಗೆ ಬೀಳುವುದು ‘ರದ್ದು’ ಎಂಬ ಪದ. ರೈಲೇ ಇಲ್ಲವೆಂದು ಅವನು ತಿಳಿಯುತ್ತಾನೆ. ‘ರೈಲು ಇದೆ, ದಂಡಿನಲ್ಲಿ ನಿಲ್ಲುವುದಿಲ್ಲ, ಇಂಥ ನಿಲ್ದಾಣದಲ್ಲಿ ಹತ್ತಿರಿ’ ಎಂಬ ಮೂರು ಚಿಕ್ಕ ವಾಕ್ಯಗಳು ಆ ಭ್ರಮೆಗೆ ಎಡೆಕೊಡುವುದಿಲ್ಲ.

‘ತಾಂತ್ರಿಕ ಕಾರಣಗಳಿಂದ’, ‘ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂಬ ಸಿದ್ಧವಾಕ್ಯಗಳು ಫೋನಿನ ಚಿಕ್ಕ ಪರದೆಯಲ್ಲಿ ಮುಖ್ಯ ವಿಷಯದ ಸ್ಥಳವನ್ನು ಕಬಳಿಸುತ್ತವೆ. ಎಲ್ಲರಿಗೂ ಎಲ್ಲ ಮಾರ್ಗಗಳ ಸುದ್ದಿಯನ್ನು ಕಳುಹಿಸುವುದೂ ದೋಷವೇ. ದಿನಾ ಸಾಯುವವರಿಗೆ ಅಳುವವರಾರು ಎಂಬಂತೆ, ದಿನಕ್ಕೆ ಹತ್ತು ಸಲ ಸದ್ದು ಮಾಡುವ ಆಪ್‌ನ ಸೂಚನೆಯನ್ನು ಬೇಕಾದ ದಿನವೂ ಯಾರೂ ನೋಡುವುದಿಲ್ಲ. ಮುಗಿದುಹೋದ ವ್ಯತ್ಯಾಸದ ಪ್ರಕಟನೆಯನ್ನು ಹಿಂತೆಗೆದುಕೊಳ್ಳದೆ ಬಿಡುವುದು ಇದಕ್ಕಿಂತ ದೊಡ್ಡ ದೋಷ. ಅದು ಮುಂದಿನ ನಿಜವಾದ ಪ್ರಕಟನೆಯ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತತ್ತ್ವಗಳು ಹೊರಪಡುತ್ತವೆ. ಪ್ರಕಟನೆಯು ನಿಲ್ದಾಣದ ಅಥವಾ ಮಾರ್ಗದ ಹೆಸರಿನಿಂದ ಆರಂಭವಾಗಬೇಕು. ಬದಲಾವಣೆಯಿಂದ ತೊಂದರೆಗೊಳಗಾಗುವ ಪ್ರತಿಯೊಂದು ನಿಲ್ದಾಣವನ್ನೂ ಹೆಸರಿಸಬೇಕು. ಯಾವಾಗಿನಿಂದ ಯಾವಾಗಿನವರೆಗೆ ಎಂಬುದನ್ನು ದಿನಾಂಕ, ಗಂಟೆಗಳಲ್ಲಿ ಹೇಳಬೇಕು. ಏನು ಮಾಡಬೇಕೆಂಬುದನ್ನು ಕಾರಣಕ್ಕಿಂತ ಮೊದಲು ತಿಳಿಸಬೇಕು. ಕಾರಣವನ್ನು ಒಂದು ವಾಕ್ಯಕ್ಕೆ ಮಿತಿಗೊಳಿಸಬೇಕು. ಕೆಲಸ ಮುಗಿದೊಡನೆ ಮುಗಿಯಿತೆಂದು ಸಾರಬೇಕು. 2018ರ ಪ್ರಸಂಗಕ್ಕೆ ಇವನ್ನು ಅನ್ವಯಿಸಿ ನಾವು ಒಂದು ಮಾದರಿಯನ್ನು ರಚಿಸಿದ್ದೇವೆ:

‘ಟ್ರಿನಿಟಿ, ಹಲಸೂರು: ಡಿಸೆಂಬರ್ 28ರ ರಾತ್ರಿ 8 ಗಂಟೆಯಿಂದ 30ರ ರಾತ್ರಿಯವರೆಗೆ ಈ ಎರಡು ನಿಲ್ದಾಣಗಳಿಗೆ ಮೆಟ್ರೊ ಬರುವುದಿಲ್ಲ. ಬೈಯಪ್ಪನಹಳ್ಳಿ ಕಡೆಯಿಂದ ಬರುವವರು ಇಂದಿರಾನಗರದಲ್ಲಿಯೂ, ಮೈಸೂರು ರಸ್ತೆ ಕಡೆಯಿಂದ ಬರುವವರು ಎಂ.ಜಿ. ರಸ್ತೆಯಲ್ಲಿಯೂ ಇಳಿದು ಬಸ್ಸು ಹಿಡಿಯಿರಿ. ತೊಲೆಯ ದುರಸ್ತಿ ನಡೆಯುತ್ತಿದೆ.’

ಇದನ್ನು ಓದಬಲ್ಲವರು ಓದುವರು. ಓದಲಾರದವರಿಗೆ ಇನ್ನೊಬ್ಬರು ಓದಿ ಹೇಳಿದರೆ ಕೂಡಲೆ ತಿಳಿಯುವುದು. ತಮಿಳಿಗೋ ಉರ್ದುವಿಗೋ ತಿರುಗಿಸಿದರೂ ಅರ್ಥ ಜಾರುವುದಿಲ್ಲ. ಹಲವು ಭಾಷೆಗಳ ದಂಡಿನಲ್ಲಿ ಇದು ಸಣ್ಣ ಗುಣವಲ್ಲ. ಭಾಷೆಗಳ ಸಂಖ್ಯೆಯನ್ನು ಹೆಚ್ಚಿಸುವ ಮೊದಲು, ಇರುವ ಭಾಷೆಯ ವಾಕ್ಯವನ್ನು ತಿಳಿಯಾಗಿಸಬೇಕು. ಕಲುಷಿತ ವಾಕ್ಯವನ್ನು ಐದು ಭಾಷೆಗಳಿಗೆ ಇಳಿಸಿದರೆ ಐದು ಕಲುಷಿತ ವಾಕ್ಯಗಳು ದೊರೆಯುತ್ತವೆ.

ವಿಷಯವು ಬರಿಯ ಶೈಲಿಯದೆಂದು ತಿಳಿಯಬಾರದು. ಶಿವಾಜಿನಗರದಿಂದ ವೈಟ್‌ಫೀಲ್ಡಿನ ಮನೆಗೆಲಸಕ್ಕೆ ಹೋಗುವ ಹೆಂಗಸು ತಪ್ಪಾದ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕಾದರೆ, ಆ ದಿನದ ಕೂಲಿಯಲ್ಲಿ ಒಂದು ಪಾಲು ಹೋಗುತ್ತದೆ. ಕೆಲವು ಸಲ ಕೆಲಸವೇ ಹೋಗುತ್ತದೆ. ಸ್ವಂತ ವಾಹನವಿದ್ದವನಿಗೆ ಪ್ರಕಟನೆಯ ಅಸ್ಪಷ್ಟತೆ ಒಂದು ಬೇಸರ. ಇಲ್ಲದವಳಿಗೆ ಅದು ನಷ್ಟ. 1890ರ ಶಾಸನಕಾರರು ಪರದೇಶದವರಾಗಿದ್ದರೂ, ಕಾಣುವ ಸ್ಥಳದಲ್ಲಿ ತಿಳಿಯುವ ಭಾಷೆಯಲ್ಲಿ ತಿಳಿಸುವುದು ಸಂಸ್ಥೆಯ ಕರ್ತವ್ಯವೆಂದು ವಿಧಿಸಿದರು. ಆ ಕರ್ತವ್ಯವನ್ನು ನಿತ್ಯದಿಂದ ನೈಮಿತ್ತಿಕಕ್ಕೆ ವಿಸ್ತರಿಸುವುದು ಇನ್ನೂ ಆಗಬೇಕಾಗಿರುವ ಕಾರ್ಯ. ಅದಕ್ಕೆ ಬೇಕಾದ ಯಂತ್ರಗಳು ಈಗ ನಮ್ಮಲ್ಲಿವೆ; ಬೇಕಾದ ವಾಕ್ಯವು ಕಂಡಕ್ಟರನ ಬಾಯಲ್ಲಿ ಮೊದಲಿನಿಂದಲೂ ಇದೆ. ಇವೆರಡನ್ನೂ ಒಂದುಗೂಡಿಸುವ ಕೆಲಸದಲ್ಲಿ ಕನ್ನಡ ವಿಭಾಗಗಳಿಗೂ ಚರಿತ್ರೆಯ ವಿಭಾಗಗಳಿಗೂ ಒಂದು ಪಾಲಿದೆಯೆಂದು ನಾವು ಭಾವಿಸುತ್ತೇವೆ.